ಚಕ್ಕುಲಿ ಒರಳು ಸೊಂಟಕ್ಕೆ ಸಿಕ್ಕಿಸಿಕೊಂಡ ಅಕ್ಕ

ನಂಬಬೇಡಿ. ಮೊದಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಒಂದಕ್ಷರಾನೂ ನಂಬಬೇಡಿ. ಮಲೇಷ್ಯಾದಲ್ಲಿರೋ ನಮ್ಮ ಪುಚೊಂಗಿನ ಅಪಾರ್ಟ್‌ಮೆಂಟಲ್ಲಿ ನನ್ನ ಮಾತು ನಂಬೋರು ಯಾರೂ ಇಲ್ಲ, ಲಿಫ್ಟಿನ ಪಕ್ಕ ಮಲಗೋ ಬೆಕ್ಕೂ ನಂಬಲ್ಲ. ನೀವ್ಯಾಕೆ ನಂಬಬೇಕು? ಹೂವು ಮುಡ್ಕೊಂಡು, ಕಾಟನ್ ಸೀರೆ ಉಟ್ಕೊಂಡು, ಆ ಸೀರೆ ಒಳಗೆ ಎಲ್ಲೋ ಒಂದು ಕಡೆ ನಿಜವಾದ ಪಿಸ್ತೂಲು ಇಟ್ಕೊಂಡು, ಆರು ವರ್ಷ ಹಾಡಹಗಲು ಮೂರು ಬೀದಿ ದಾಟ್ತಿದ್ದ ಉಡುಪಿ ಹೆಂಗಸೊಬ್ರು ಇಲ್ಲಿದಾರೆ ಅಂದ್ರೆ ನೀವು ನಗ್ತೀರಿ. ನಗಿ. ಎಪ್ಪತ್ನಾಲ್ಕು ವರ್ಷದಿಂದ ಜನಾನ ನಗಿಸ್ಕೊಂಡೇ ಬಂದಿದೀನಿ, ಇನ್ನೊಬ್ರು ಜಾಸ್ತಿ ಆದ್ರೆ ನಂಗೇನು ಭಾರ ಅಲ್ಲ. ಆದ್ರೆ ಕೊನೇ ಸಾಲಿನವರೆಗೂ ನಂಬದೆ ಓದೋಕಾಗತ್ತಾ ನಿಮ್ಗೆ? ನೋಡೇಬಿಡೋಣ.

ಹೆಸರು ಬರೆಯಲ್ಲ. ಬರೆದ್ರೆ ದೀಪಾವಳಿಗೆ ಚಕ್ಕುಲಿ ಕಳ್ಸಲ್ಲ ಅಂತ ಬೆದರಿಕೆ ಬಂದಿದೆ. ಇಲ್ಲಿರೋ ಕನ್ನಡದೋರೆಲ್ಲ ಅವರನ್ನ ಅಕ್ಕ ಅಂತಾರೆ. ನಾನು ಅವರಿಗಿಂತ ಹನ್ನೆರಡು ವರ್ಷ ದೊಡ್ಡೋನು, ನಾನೂ ಅಕ್ಕ ಅಂತೀನಿ. ಚಿನ್ನದಂಗಡೀಲಿ ಒರೆಗಲ್ಲು ಮುಂದೆ ಇಟ್ಕೊಂಡು ಇಪ್ಪತ್ತೆಂಟು ವರ್ಷ ಕೂತಿದ್ದು, ಹೋದ ತಿಂಗಳು ರಿಟೈರ್ ಆದ್ರು. "ಅಕ್ಕನ ಬಗ್ಗೆ ಏನಾದ್ರೂ ಬರ್ಕೊಡಿ ಅಂಕಲ್, ಆದ್ರೆ ನಿಜ ಬರೀರಿ" ಅಂತ ನಮ್ಮ ಸಂಘದ ಹುಡುಗ್ರು ಕೇಳಿದ್ರು. ಎಂಥ ಕ್ರೂರಿಗಳು ನೋಡಿ.

ಮೊದಲ್ನೇ ಸಲ ಅವರನ್ನ ನೋಡಿದ್ದು ನಾನೇ ಏಟು ತಿಂದ ದಿನ. ಆಗ ನಾನು ನಿಲಾಯಿಯ ಮೆಡಿಕಲ್ ಕಾಲೇಜೊಂದ್ರಲ್ಲಿ ಲ್ಯಾಬ್ ನೋಡ್ಕೋತಿದ್ದೆ. ಅಸ್ಥಿಪಂಜರಕ್ಕೆ ಟೈ ಕಟ್ಟಿ ಡೀನ್ ಸಾಹೇಬರ ಕುರ್ಚೀಲಿ ಕೂರಿಸಿದ್ದು ನಾನೇ, ಅದು ಬೇರೆ ಕಥೆ. ಚಿನ್ನದಂಗಡೀಲಿ ಕನ್ನಡದ ಹೆಂಗಸೊಬ್ರು ಕಲ್ಲಲ್ಲಿ ಉಜ್ಜಿ ಒಂದೇ ನೋಟಕ್ಕೆ ಹೇಳ್ತಾರಂತೆ ಅಂತ ಕೇಳಿ, ಪರೀಕ್ಷೆ ಮಾಡೋಣ ಅಂತ ಹೋದೆ. ಹಿತ್ತಾಳೆ ಉಂಗುರಕ್ಕೆ ಒಳ್ಳೇ ಪಾಲಿಶ್ ಹಾಕಿಸ್ಕೊಂಡು, ಮುಖದಲ್ಲಿ ದುಃಖ ತುಂಬ್ಕೊಂಡು, "ನಮ್ಮಜ್ಜಿದು, ಮಾರೋಕೆ ಮನಸ್ಸಿಲ್ಲ, ಆದ್ರೆ ಕಷ್ಟ" ಅಂದೆ. ಅಕ್ಕ ಕಲ್ಲಿಗೆ ಉಜ್ಜಲೂ ಇಲ್ಲ. ಅಂಗೈಲಿಟ್ಕೊಂಡು ಎರಡು ಸಲ ಎಗರಿಸಿದ್ರು. ಅಂಗಡಿ ತುಂಬ ಜನ.

"ಇದು ನಿಮ್ಮ ಅಜ್ಜಿಯದ್ದಲ್ಲ ಮಾರಾಯ್ರೆ. ಅಜ್ಜಿ ಮನೆಯ ಗಂಟೆಯದ್ದು. ಕೊಂಡು ಹೋಗಿ ಕಟ್ಟಿ, ಪೂಜೆಗೆ ಶಬ್ದ ಬೇಕಲ್ಲ."

ಅವತ್ತೇ ನಿರ್ಧಾರ ಮಾಡಿದೆ, ಈ ಹೆಂಗಸಿನ ಸ್ನೇಹ ಬಿಡಬಾರದು ಅಂತ. ಆಮೇಲೆ ಗೊತ್ತಾಯ್ತು, ಅವರಿರೋದು ನಮ್ಮ ಬ್ಲಾಕಲ್ಲೇ, ನಮ್ಮ ಮನೆ ಮೇಲಿನ ಮಹಡೀಲಿ.

ಅವರ ಅಪ್ಪ ಉಡುಪಿ ಕಡೆಯ ಅಕ್ಕಸಾಲಿ. ಅಕ್ಕ ಮದುವೆಯಾಗಿದ್ದು ಇಲ್ಲಿನ ತಮಿಳು ಮೇಷ್ಟ್ರನ್ನ. ಹಾಗಾಗಿ ಅಕ್ಕನಿಗೆ ಇಲ್ಲಿನ ಪ್ರಜೆಗಳಿಗಿರೋ ನೀಲಿ ಐಸಿ, ಅಂದ್ರೆ ಗುರುತಿನ ಚೀಟಿ, ಇದೆ. ಮೇಷ್ಟ್ರು ಹೋಗಿ ತುಂಬಾ ವರ್ಷ ಆಯ್ತು. ಮಗಳು ಸುಬಾಂಗ್ ಜಯಾದಲ್ಲಿ. ಅವಳಿಗೆ ಕನ್ನಡ ಪೂರ್ತಿ ಅರ್ಥ ಆಗತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ ಬರತ್ತೆ. ಅಕ್ಕನಿಗೆ ಊರಿಂದ ಬಂದ ಆಸ್ತಿ ಒಂದೇ, ಅಪ್ಪ ಕಲಿಸಿದ ಕೈ. ಊರಲ್ಲಿ ಅಪ್ಪನ ಮನೇಲಿ ಸಂಜೆ ಆದ್ರೆ ಕೆಲಸದ ಕೋಣೆಯನ್ನ ಹೊರಗಡೆಗೆ ಗುಡಿಸ್ತಿರ್ಲಿಲ್ವಂತೆ, ಒಳಗಡೆಗೆ ಗುಡಿಸ್ತಿದ್ರಂತೆ. ಕಸ ಎಲ್ಲಾ ಡಬ್ಬೀಲಿ. ಆರು ತಿಂಗಳಿಗೊಂದ್ಸಲ ಆ ಕಸ ತೊಳೆದ್ರೆ ತಳದಲ್ಲಿ ಚಿನ್ನದ ಪುಡಿ. ನೆಲದಲ್ಲಿ ಹೊಳೆಯೋದು ಏನೇ ಕಂಡ್ರೂ ಮಕ್ಕಳು ಅದನ್ನ ದಾಟಿ ಹೋಗೋ ಹಾಗಿಲ್ಲ. ಬಗ್ಗಿ, ಬೆರಳ ತುದೀಲಿ ಒತ್ತಿ, ಎತ್ತಿ, ಇಟ್ಕೋಬೇಕು.

ಈ ಅಭ್ಯಾಸ ಅಕ್ಕನಿಗೆ ಉಸಿರಾಟದ ಥರ. ನಮ್ಮನೇಗೆ ಬಂದ್ರೆ ನನ್ನ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದ ಚೂರು ಎತ್ಕೊಂಡು ಹೋಗ್ತಿದ್ರು. ಮನೆಗೆ ಹೋದ್ಮೇಲೆ ಫೋನು. "ಎಂತ ಮಾರಾಯ್ರೆ, ನಿಮ್ಮ ಕಸ ನನ್ನ ಹತ್ರ ಉಂಟು." ಯಾವಾಗ ಎತ್ತಿದ್ರು ಅಂತ ನಂಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಾನೊಂದ್ಸಲ ಬೇಕಂತ ಅವರು ಬರೋ ದಾರೀಲಿ ಚಾಕಲೇಟ್ ಕಾಗದದ ಚೂರುಗಳನ್ನ ಸಾಲಾಗಿ ಹಾಕಿಟ್ಟೆ. ಬಾಗಿಲಿಂದ ಸೋಫಾವರೆಗೆ ಮಾತಾಡ್ಕೊಂಡೇ ಬಂದು ಕೂತ್ರು. ನೆಲ ಕ್ಲೀನು.

ಈಗ ವಿಷಯಕ್ಕೆ ಬರ್ತೀನಿ.

ಅಂಗಡಿ ಯಜಮಾನನ್ನ ಇಲ್ಲಿ ತೌಕೆ ಅಂತಾರೆ. ಅಕ್ಕನ ತೌಕೆ ತಮಿಳಿನೋರು, ಒಳ್ಳೇ ಮನುಷ್ಯ, ಆದ್ರೆ ಹೆದರುಪುಕ್ಲ. ಅಂಗಡಿಯಿಂದ ಅಕ್ಕಸಾಲಿಗಳ ಕೆಲಸದ ಮನೆಗೆ ಮೂರು ಬೀದಿ. ಆ ದಾರೀಲಿ ಒಡವೆ ಡಬ್ಬಿ ಹೊತ್ಕೊಂಡು ಹೋಗಿ ಬರೋದು ಅಕ್ಕನ ಕೆಲಸ. ಆರೂವರೆ ವರ್ಷದ ಹಿಂದೆ ಪಕ್ಕದ ರಸ್ತೆಯ ಇನ್ನೊಂದು ಅಂಗಡಿಯವನನ್ನ ಬೈಕಲ್ಲಿ ಬಂದೋರು ತಳ್ಳಿ ಚೀಲ ಕಿತ್ಕೊಂಡು ಹೋದ್ರು. ಮರುದಿನ ತೌಕೆ ಅಕ್ಕನ ಕರೆದು ಹೇಳಿದ್ರು. "ಇನ್ನು ಡಬ್ಬಿ ಹೊರೋರಿಗೆ ಪಿಸ್ತೂಲ್ ಲೈಸೆನ್ಸ್ ಬೇಕು. ಬಟ್ಟೆ ಒಳಗೆ ಇಟ್ಕೊಳ್ಳೋದು, ಹೊರಗೆ ಯಾರಿಗೂ ಕಾಣಬಾರ್ದು. ಕ್ಲಾಸು ಇದೆ, ಪರೀಕ್ಷೆ ಇದೆ. ನಿಮ್ಗೆ ಆಗ್ಲಿಲ್ಲ ಅಂದ್ರೆ ಪರವಾಗಿಲ್ಲ ಅಕ್ಕ, ನನ್ನ ಸೋದರಳಿಯ ಇದಾನೆ. ಒರೆಗಲ್ಲಿಗೂ ಈಗ ಮೆಷಿನ್ ಬಂದಿದೆ, ನೀವು ಆರಾಮಾಗಿ ಮನೇಲಿರಬಹುದು."

ಆ ಕೊನೇ ಮಾತು ನಂಗೆ ಬಂದು ಹೇಳುವಾಗ ಅಕ್ಕನ ಮುಖ ನೋಡಬೇಕಿತ್ತು. ನನ್ನ ಮುಂದೆ ಬಂದು ಕೂತಾಗ ಐವತ್ತಾರು ವರ್ಷದ ಹೆಂಗಸಿನ ಕಣ್ಣಲ್ಲಿ ನೀರಿರ್ಲಿಲ್ಲ, ಕೋಪ ಇತ್ತು.

"ಆರಾಮಾಗಿ ಮನೇಲಿ ಕೂತು ಎಂತ ಮಾಡುದು ನಾನು? ಗೋಡೆ ಉಜ್ಜಿ ನೋಡುದಾ ಎಷ್ಟು ಕ್ಯಾರೆಟ್ಟು ಅಂತ?"

"ಅಕ್ಕ, ಯೋಚ್ನೆ ಬಿಡಿ. ನಿಮ್ಗೆ ಕೋಚು ನಾನು. ಮೈಸೂರಲ್ಲಿ ಕಾಲೇಜಲ್ಲಿದ್ದಾಗ ನನ್ನಂಥ ಗುರಿಕಾರ ಇನ್ನೊಬ್ಬ ಇರ್ಲಿಲ್ಲ."

"ಎಂತದಲ್ಲಿ ಗುರಿ?"

"ಮಾವಿನಕಾಯಿ."

"ಕಲ್ಲಲ್ಲಾ?"

"ಕಲ್ಲಲ್ಲೇ."

"ಆಯ್ತು" ಅಂದ್ರು. ಅಷ್ಟು ನಂಬಿಕೆ ನನ್ನ ಮೇಲೆ ಯಾರೂ ಇಟ್ಟಿಲ್ಲ ಈ ದೇಶದಲ್ಲಿ.

ಕ್ಲಾಸಿಗೆ ಇನ್ನೂ ಐದು ವಾರ ಇತ್ತು. ಅಭ್ಯಾಸಕ್ಕೆ ಏನಾದ್ರೂ ಬೇಕಲ್ಲ? ಇಲ್ಲಿ ಆಟದ ಪಿಸ್ತೂಲು ಇಟ್ಕೊಂಡ್ರೂ ಪೊಲೀಸ್ರು ಸುಮ್ನೆ ಬಿಡಲ್ಲ. ಆಗ ಅಕ್ಕನ ಅಡಿಗೆಮನೇಲಿ ನನ್ನ ಕಣ್ಣಿಗೆ ಬಿದ್ದಿದ್ದು ಹಿತ್ತಾಳೆ ಚಕ್ಕುಲಿ ಒರಳು. ಹಳೇ ಕಾಲದ್ದು, ಗಟ್ಟಿ. ಕೈಲಿ ಹಿಡಿದು ನೋಡಿದೆ, ತೂಕ ಹೆಚ್ಚುಕಮ್ಮಿ ಅಷ್ಟೇ ಇರಬೇಕು ಅನ್ನಿಸ್ತು. ಇದನ್ನೇ ಪಿಸ್ತೂಲು ಅನ್ಕೊಳ್ಳಿ ಅಂತ ನಾನು ತಮಾಷೆಗೆ ಹೇಳಿದ್ದು ಮಾರಾಯ್ರೆ. ಅಕ್ಕ ತಮಾಷೆ ಅಂತ ತಗೊಳ್ಳಲೇ ಇಲ್ಲ. ದಿನಾ ಬೆಳಗ್ಗೆ ಸ್ನಾನ ಪೂಜೆ ಆದ್ಮೇಲೆ ಹಾಲಲ್ಲಿ ನಿಂತು, ಎರಡೂ ಕೈ ಚಾಚಿ, ಒರಳನ್ನ ಗೋಡೆ ಕ್ಯಾಲೆಂಡರಿಗೆ ಗುರಿ ಹಿಡಿದು, ನೂರರವರೆಗೆ ಎಣಿಸೋರು. ಮೊದಲ್ನೇ ವಾರ ಮೂವತ್ತಕ್ಕೆ ಕೈ ನಡುಗಿತು. ನಾಲ್ಕನೇ ವಾರ ನೂರಾದ್ರೂ ಒರಳು ಅಲ್ಲಾಡ್ಲಿಲ್ಲ. ಹಿಡಿದೇ ಸುರಕ್ಷತೆಯ ನಿಯಮಗಳನ್ನ ಮಲಯ ಭಾಷೇಲಿ ಮಗ್ಗಿ ಥರ ಹೇಳೋರು. ತುಂಬಿದೆ ಅಂತಲೇ ತಿಳ್ಕೋ. ಜನರ ಕಡೆ ತಿರುಗಿಸ್ಬೇಡ. ಗುರಿ ಸಿಗೋವರೆಗೂ ಟ್ರಿಗರ್ ಮೇಲೆ ಬೆರಳು ಇಡಬೇಡ. ಅವರ ಮನೆಗೆ ಹಾಲು ತಂದುಕೊಡೋನು ಒಂದಿನ ಬಾಗಿಲಲ್ಲಿ ನಿಂತು ನೋಡಿ, ಪ್ಯಾಕೆಟ್ಟು ಅಲ್ಲೇ ಇಟ್ಟು ಓಡಿಹೋದ.

ಸೊಂಟದಲ್ಲಿ ತೂಕ ಅಭ್ಯಾಸ ಆಗ್ಬೇಕು ಅಂತ ಒರಳನ್ನ ಸೀರೆ ಒಳಗೆ ಸಿಕ್ಕಿಸ್ಕೊಂಡೇ ಅಂಗಡಿಗೂ ಹೋಗೋಕೆ ಶುರು ಮಾಡಿದ್ರು. ನಾನು ಹಿಂದಿಂದ ಹೋಗಿ ಪರೀಕ್ಷೆ ಮಾಡ್ತಿದ್ದೆ, ಕಾಣತ್ತಾ ಇಲ್ವಾ ಅಂತ. ಒಂದಿನ ಎಲ್‌ಆರ್‌ಟಿ ಸ್ಟೇಷನ್ನಲ್ಲಿ ಬೇಕಂತ "ಅಕ್ಕಾ!" ಅಂತ ಜೋರಾಗಿ ಕೂಗಿದೆ. ಸರಕ್ಕನೆ ತಿರುಗಿದ್ರು. ಒರಳು ಜಾರಿ, ಟಣ್ ಅಂತ ಬಿದ್ದು, ಉರುಳ್ಕೊಂಡು ಹೋಗಿ ಸೆಕ್ಯುರಿಟಿ ಗಾರ್ಡಿನ ಬೂಟಿಗೆ ತಾಗಿ ನಿಂತ್ಕೊಂಡಿತು.

"ಅಪಾ ಇನಿ, ಆಂಟಿ?" ಅಂದ ಗಾರ್ಡು. ಇದೇನು ಅಂತ.

"ಮುರುಕ್ಕು" ಅಂದ್ರು ಅಕ್ಕ, ಮುಖ ಒಂಚೂರೂ ಅಲ್ಲಾಡಿಸ್ದೆ. ಇಲ್ಲಿನ ತಮಿಳರಿಗೆ ಚಕ್ಕುಲಿ ಮುರುಕ್ಕೇ ತಾನೆ.

ಅವನೂ ತಮಿಳು ಹುಡುಗ. ಎತ್ತಿ, ತಿರುಗಿಸಿ ನೋಡಿದ. "ನಮ್ಮಮ್ಮನ ಹತ್ರಾನೂ ಇದೆ. ಆದ್ರೆ ಅವರು ಸೊಂಟದಲ್ಲಿ ಇಟ್ಕೊಳಲ್ಲ ಲಾ."

"ನಿಮ್ಮಮ್ಮನಿಗೆ ಪರೀಕ್ಷೆ ಇಲ್ಲ ಮಗಾ" ಅಂದು ಒರಳು ಇಸ್ಕೊಂಡು, ಅಲ್ಲೇ ಪಿಲ್ಲರ್ ಹಿಂದೆ ಹೋಗಿ ಸಿಕ್ಕಿಸ್ಕೊಂಡು, ರೈಲು ಹತ್ತಿದ್ರು. ನನ್ನ ಕಡೆ ತಿರುಗಿ ಸಹ ನೋಡ್ಲಿಲ್ಲ. ಆ ರಾತ್ರಿ ನನ್ನ ಬಾಗಿಲಿಗೆ ಯಾರೋ ಹಾಗಲಕಾಯಿ ಪಾಯಸ ತಂದಿಟ್ಟಿದ್ರು. ಯಾರು ಅಂತ ಕೇಳ್ಬೇಡಿ.

ನಾನು ಬಿಡ್ತೀನಾ? ಲ್ಯಾಬಿನ ಹಳೇ ಲೆಟರ್‌ಹೆಡ್ಡು ಕತ್ತರಿಸಿ ಅಂಟಿಸಿ, "ಪರವಾನಗಿ ಪೂರ್ವಸಿದ್ಧತಾ ಪ್ರಶ್ನೆಪತ್ರಿಕೆ" ಅಂತ ಒಂದು ತಯಾರು ಮಾಡಿ ಕೊಟ್ಟೆ. ಇಪ್ಪತ್ತು ಪ್ರಶ್ನೆ. ಅಕ್ಕ ರೂಲ್ ಹಾಕಿದ ಹಾಳೇಲಿ ದುಂಡಗಿನ ಅಕ್ಷರದಲ್ಲಿ ಇಪ್ಪತ್ತಕ್ಕೂ ಉತ್ತರ ಬರೆದ್ರು. ಆ ಹಾಳೆ ನನ್ನ ಹತ್ರ ಇನ್ನೂ ಇದೆ. "ಪಿಸ್ತೂಲು ಕೆಮ್ಮಿದರೆ ಯಾವ ಕಷಾಯ ಕೊಡಬೇಕು?" ಅಂತ ಕೇಳಿದ್ದೆ. "ಪಿಸ್ತೂಲು ಕೆಮ್ಮಿದರೆ ಕಷಾಯ ಬೇಕಾಗುವುದು ಎದುರಿಗೆ ನಿಂತವನಿಗೆ." "ಗುರಿ ತಪ್ಪಿದರೆ ಯಾರನ್ನು ಬಯ್ಯಬೇಕು?" "ಮಾವಿನಕಾಯಿ ಹೊಡೆದು ಕಲಿಸಿದವರನ್ನು." ಹದಿನೇಳನೇ ಪ್ರಶ್ನೆ, "ಕಳ್ಳ ಬಂದು ಚಿನ್ನ ಕೇಳಿದರೆ ಏನು ಮಾಡುವಿರಿ?" ಅದಕ್ಕೆ ಬರೆದಿದ್ದು ಹೀಗೆ: "ಕೊಡುವುದು. ಚಿನ್ನಕ್ಕೆ ಇನ್ಶೂರೆನ್ಸ್ ಉಂಟು. ಅವನ ತಾಯಿಗೆ ಅವನು ಒಬ್ಬನೇ ಇರಬಹುದು."

ನಂಗೆ ನಗು ಬರ್ಲಿಲ್ಲ. "ಮತ್ತೆ ಈ ಪಿಸ್ತೂಲು ಯಾಕೆ ಅಕ್ಕ?" ಅಂದೆ.

"ತೌಕೆಗೆ ಪಿಸ್ತೂಲು ಬೇಕು, ನಂಗೆ ಕೆಲಸ ಬೇಕು. ತೆಗಿಯುದು ಬಿಡುದು ನನ್ನ ಕೈಯಲ್ಲಿ ಉಂಟಲ್ಲ."

ಮುಖ್ಯ ಕ್ಲಾಸಿಗೆ ಒಂದು ವಾರ ಮುಂಚೆ, ಶನಿವಾರ, ಒಂದು ತಯಾರಿ ದಿನ. ನಿಲಾಯಿ ದಾಟಿ ತಾಳೆ ತೋಟದ ಮಧ್ಯೆ ಒಂದು ಖಾಸಗಿ ಶೂಟಿಂಗ್ ಜಾಗ. ನನ್ನ ಹಳೇ ಕಾರಲ್ಲಿ ನಾನೇ ಕರ್ಕೊಂಡು ಹೋದೆ. ಪ್ಯಾಂಟು ಹಾಕ್ಕೊಂಡೇ ಬರಬೇಕು ಅಂತ ರೂಲ್ಸು. ಅಕ್ಕ ಜೀವಮಾನದಲ್ಲಿ ಪ್ಯಾಂಟು ಹಾಕಿದೋರಲ್ಲ. ಚೂಡಿದಾರ ಪರವಾಗಿಲ್ಲ ಅಂತ ಕೇಳಿ ಒಪ್ಪಿಸಿ, ಅದಕ್ಕೊಂದು ದೊಡ್ಡ ಜೇಬು ತಾವೇ ಹೊಲ್ಕೊಂಡಿದ್ರು, ಕನ್ನಡಕಕ್ಕೆ ಅಂತ.

ಅಲ್ಲಿ ಕಲಿಸೋರು ಸೈನ್ಯದಿಂದ ರಿಟೈರ್ ಆದ ಮಲಯ ಮನುಷ್ಯ. ಮೇಷ್ಟ್ರಿಗೆ ಇಲ್ಲಿ ಚೆಗು ಅಂತಾರೆ, ನಾವೂ ಹಾಗೇ ಕರೆದ್ವಿ. ನೆಟ್ಟಗಿನ ಬೆನ್ನು, ಕಡಿಮೆ ಮಾತು. ಆರು ಜನ ಕಲಿಯೋರು, ಐದು ಗಂಡಸ್ರು, ಒಬ್ಬರು ಅಕ್ಕ. ಒಬ್ಬೊಬ್ರಿಗೆ ಹತ್ತತ್ತು ಗುಂಡು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ತೋಟೆ ಪಕ್ಕಕ್ಕೆ ಎಗರಿ ಬೀಳತ್ತೆ. ಚೆಗು ಮೊದಲೇ ಹೇಳಿದ್ರು. "ಅರವತ್ತು ಗುಂಡು ಕೊಟ್ಟಿದೀನಿ, ಅರವತ್ತು ಖಾಲಿ ತೋಟೆ ನಂಗೆ ವಾಪಸ್ ಬೇಕು. ಯಾರೂ ಎತ್ತೋ ಹಾಗಿಲ್ಲ, ನಾನೇ ಎತ್ತೋದು. ಒಂದು ಕಮ್ಮಿ ಆದ್ರೂ ನಾನು ಪೊಲೀಸಿಗೆ ಬರ್ಕೊಡಬೇಕು, ಈ ಜಾಗಕ್ಕೆ ಬೀಗ ಬೀಳಬಹುದು."

ನಾನು ಬೇಲಿ ಆಚೆ ನೆರಳಲ್ಲಿ ನಿಂತು ನೋಡ್ತಿದ್ದೆ. ಐದು ಗಂಡಸ್ರ ಗುಂಡು ಎಲ್ಲೆಲ್ಲಿ ಹೋಯ್ತೋ, ತಾಳೆ ಮರಗಳಿಗೇ ಗೊತ್ತು. ಅಕ್ಕ ನಿಂತ್ರು. ಕೈ ಚಾಚಿದ್ರು. ನಾನಿಲ್ಲಿ ಬಾಯಲ್ಲೇ ನೂರರವರೆಗೆ ಎಣಿಸ್ತಿದ್ದೆ. ಹತ್ತರಲ್ಲಿ ಎಂಟು ನಟ್ಟನಡುವೆ. ಚೆಗು ಕಾಗದ ಕೆಳಗಿಳಿಸಿ ನೋಡಿ, "ಆಂಟಿ, ಮುಂಚೆ ಎಲ್ಲಿ ಕಲಿತ್ರಿ?" ಅಂದ್ರು. "ಅಡಿಗೆಮನೆ" ಅಂದ್ರು ಅಕ್ಕ. ಬೇಲಿ ಈಚೆ ನಾನು ಎರಡು ಹೆಜ್ಜೆ ಕುಣಿದಿದ್ದು ಸುಳ್ಳಲ್ಲ.

ಆಮೇಲೆ ಎಣಿಸಿದ್ರು. ಐವತ್ತೊಂಬತ್ತು.

ಮತ್ತೆ ಎಣಿಸಿದ್ರು. ಐವತ್ತೊಂಬತ್ತೇ.

ಚೆಗು ಮುಖ ಬದಲಾಯ್ತು. ಗೇಟು ಹಾಕಿಸಿದ್ರು. ಐದೂ ಗಂಡಸ್ರ ಜೇಬು, ಶೂ, ಕಾಲುಚೀಲ ಎಲ್ಲಾ ತೆಗೆಸಿ ನೋಡಿದ್ರು. ಅಕ್ಕನ ಕಡೆ ಬಂದಾಗ ಕೈ ಹಿಂದಕ್ಕೆ ತಗೊಂಡು, "ಆಂಟಿ, ನೀವು ನೆರಳಲ್ಲಿ ಕೂತ್ಕೊಳ್ಳಿ" ಅಂದ್ರು. ಮರ್ಯಾದೆಯ ಮನುಷ್ಯ. ಅಕ್ಕ ಕೂತ್ಕೊಳ್ಳೋರಾ? ಚೀಲದಿಂದ ತಮ್ಮ ಅಂಗಡಿ ಬ್ರಶ್ಶು ತೆಗೆದು, ಆ ಸುಡುಬಿಸಿಲಲ್ಲಿ ಮಂಡಿ ಊರಿ, ಹುಲ್ಲಿನ ಬುಡ ಬಿಡದೆ ಗುಡಿಸಿ ಹುಡುಕಿದ್ರು. ಎಲ್ಲರಿಗಿಂತ ಚೆನ್ನಾಗಿ ಹುಡುಕಿದ್ದು ಅವರೇ. ಯಾರದೋ ಶರ್ಟಿನ ಬಟನ್ನು ಸಿಕ್ತು. ಕಿವಿಯೋಲೆಯ ತಿರುಪು ಸಿಕ್ತು. ಅದನ್ನ ಉಗುರಲ್ಲಿ ಕೆರೆದು "ಗಿಲೀಟು" ಅಂದು ಚೆಗು ಕೈಗೆ ಕೊಟ್ರು. ತೋಟೆ ಸಿಗ್ಲಿಲ್ಲ. ಒಂದು ಗಂಟೆ ಆದ್ಮೇಲೆ ಚೆಗು ಸುಸ್ತಾಗಿ ಮೆಟ್ಟಿಲ ಮೇಲೆ ಕೂತ್ರು. "ಇಷ್ಟು ವರ್ಷದಲ್ಲಿ ಒಂದೂ ಕಳೆದಿರ್ಲಿಲ್ಲ. ಸೋಮವಾರ ಬರೆದು ಕೊಡ್ತೀನಿ. ಏನಾಗತ್ತೋ ನೋಡೋಣ."

ವಾಪಸ್ ಬರುವಾಗ ಕಾರಲ್ಲಿ ಅಕ್ಕ ಒಂದೇ ಮಾತು ಹೇಳ್ತಾ ಇದ್ರು. "ಪಾಪ, ಆ ಚೆಗು. ಯಾರು ಮಾರಾಯ್ರೆ ಅಷ್ಟು ಕೆಟ್ಟ ಜನ?"

ನಿಮ್ಗೆ ಗೊತ್ತಾಗೋಯ್ತು ಅಲ್ವಾ? ನಂಗೆ ಗೊತ್ತಾಗ್ಲಿಲ್ಲ. ಚಾಕಲೇಟ್ ಕಾಗದ ಸಾಲಾಗಿ ಹಾಕಿ ಪರೀಕ್ಷೆ ಮಾಡಿದ ಬೃಹಸ್ಪತಿ ನಾನು, ನಂಗೇ ಹೊಳೀಲಿಲ್ಲ.

ಸಂಜೆ ಆರು ಗಂಟೆಗೆ ಬಾಗಿಲು ಬಡಿದ್ರು. ಕೈ ಒದ್ದೆ. ಚೂಡಿದಾರ ವಾಷಿಂಗ್ ಮೆಷಿನ್ನಿಗೆ ಹಾಕಿದ್ರಂತೆ, ಒಳಗೆ ಕಟ ಕಟ ಅಂತ ಶಬ್ದ. ಕನ್ನಡಕದ ಜೇಬು. ಅಂಗೈ ಬಿಚ್ಚಿದ್ರು. ಸೋಪಿನ ನೊರೆ ಜೊತೆ ಹಿತ್ತಾಳೆ ತೋಟೆ, ಥಳಥಳ ಅಂತ.

"ಎತ್ತಿದ್ದು ನೆನಪೇ ಇಲ್ಲ ಮಾರಾಯ್ರೆ. ಕಾಲಿನ ಹತ್ರ ಹೊಳೆದಿರ್ಬೇಕು. ಕೈ ಹೋಗಿದೆ."

ಇಲ್ಲಿ ಬಂದೂಕಿನ ಕಾನೂನು ಅಂದ್ರೆ ಹುಡುಗಾಟ ಅಲ್ಲ. ಬಾಗಿಲು ಹಾಕಿ, ಪರದೆ ಎಳೆದು, ಪಿಸುಮಾತಲ್ಲಿ ಹೇಳಿದೆ. "ಅಕ್ಕ, ಕೆಳಗೆ ಲೊಂಗ್‌ಕಾಂಗಿಗೆ ಹಾಕ್ಬಿಡಿ." ಚರಂಡಿಗೆ ಇಲ್ಲಿ ಹಾಗಂತಾರೆ. "ಮಳೆ ಬಂದ್ರೆ ಸಮುದ್ರಕ್ಕೆ ಹೋಗತ್ತೆ. ಯಾರ ಹತ್ರಾನೂ ಹೇಳ್ಬೇಡಿ."

"ಇದು ಸಮುದ್ರಕ್ಕೆ ಹೋಗ್ತದೆ. ಚೆಗುವಿನ ಪುಸ್ತಕದಲ್ಲಿ?"

"ಅಲ್ಲೇನಿದೆ?"

"ಅಲ್ಲಿ ಅದು ಕಳೆದೇ ಇರ್ತದಲ್ಲ."

"ಕದ್ದಿದೀರಿ ಅಂತಾರೆ ಅಕ್ಕ! ಮುಂದಿನ ಶನಿವಾರದ ಕ್ಲಾಸು ಹೋಗತ್ತೆ, ಲೈಸೆನ್ಸ್ ಹೋಗತ್ತೆ. ತೌಕೆ ಡಬ್ಬೀನ ಸೋದರಳಿಯನ ಕೈಗೆ ಕೊಟ್ಟು ನಿಮ್ಮನ್ನ ಮನೇಗೆ ಕಳಿಸ್ತಾರೆ."

"ಕಳಿಸ್ಲಿ" ಅಂದ್ರು. ಬಾಯಿ ಹಾಗಂತು. ನಿಂತಲ್ಲೇ ಸೋಫಾದ ತುದಿ ಹಿಡ್ಕೊಂಡ್ರು. ಆಮೇಲೆ ಮಹಡಿ ಹತ್ತಿ ಹೋಗಿ, ಅಂಗಡೀಲಿ ಒಡವೆ ಸುತ್ತಿ ಕೊಡೋ ಗುಲಾಬಿ ಕಾಗದ ತಂದು, ತೋಟೇನ ಒರೆಸಿ, ಮಡಿಚಿ, ಮೂಗುತಿ ಕಟ್ಟೋ ಹಾಗೆ ಪುಡಿಕೆ ಕಟ್ಟಿದ್ರು. "ನಾಳೆ ಬೆಳಿಗ್ಗೆ ಕಾರು ತೆಗೀತೀರಾ? ಬಸ್ಸಿಲ್ಲ ಅಲ್ಲಿಗೆ."

ಭಾನುವಾರ ಹೋದ್ವಿ. ದಾರೀಲಿ ನಾನು ಹೇಳಿದೆ. "ಅಕ್ಕ, ನೀವು ಬಾಯಿ ಬಿಡಬೇಡಿ. ಇದು ನನ್ನ ಕಿತಾಪತಿ ಅಂತ ನಾನು ಹೇಳ್ತೀನಿ. ನನ್ನ ಮುಖ ನೋಡಿದ್ರೆ ಯಾರಾದ್ರೂ ನಂಬ್ತಾರೆ." ಅಕ್ಕ ಪುಡಿಕೆಯ ಮಡಿಕೆ ಸರಿ ಮಾಡ್ತಾ ಕೂತಿದ್ರು.

ಒಳಗೆ ಹೋದ್ವಿ. ಚೆಗು ಮೇಜಿನ ಹಿಂದೆ. ಅಕ್ಕ ಪುಡಿಕೆ ಮುಂದಿಟ್ರು. ಅವರು ಬಾಯಿ ತೆಗೆಯೋಕೆ ಮುಂಚೇನೇ ನಾನು ಎದೆ ಉಬ್ಬಿಸಿ ಮುಂದೆ ಬಂದೆ. "ಚೆಗು, ಇದು ನನ್ನ ತಮಾಷೆ. ತೋಟೆ ಬೇಲಿ ಹತ್ರ ಉರುಳಿ ಬಂತು. ಎತ್ತಿ, ಆಂಟಿ ಜೇಬಿಗೆ ಬಿಟ್ಟೆ. ಇವರಿಗೇನೂ ಗೊತ್ತಿಲ್ಲ."

ಚೆಗು ನನ್ನ ಅಡಿಯಿಂದ ಮುಡೀವರೆಗೆ ನೋಡಿದ್ರು. "ಅಂಕಲ್, ವಯಸ್ಸೆಷ್ಟು ನಿಮ್ಗೆ?"

"ಅರವತ್ತೆಂಟು."

"ನಾಚಿಕೆ ಬರಲ್ವಾ?"

"ಅರವತ್ತೆಂಟು ವರ್ಷದಿಂದ ಕಾಯ್ತಾ ಇದೀನಿ ಚೆಗು, ಇನ್ನೂ ಬಂದಿಲ್ಲ."

ಅವರು ನಗಲಿಲ್ಲ. ಎರಡು ಪುಟದ ಹೇಳಿಕೆ ಬರೆಸಿ ಸಹಿ ಹಾಕಿಸ್ಕೊಂಡ್ರು. ಇನ್ನು ಈ ಗೇಟೊಳಗೆ ಕಾಲಿಡಬಾರ್ದು ಅಂದ್ರು. ನಾನು ಸೈನಿಕನ ಥರ ಸಲ್ಯೂಟ್ ಹೊಡೆದೆ. ಆದ್ರೂ ಅಕ್ಕನಿಗೆ ಹೇಳಿದ್ರು, "ಹೇಗೇ ಬಂದಿರ್ಲಿ ಆಂಟಿ, ಹೊರಗೆ ಹೋಗಿದ್ದು ನಿಮ್ಮ ಬಟ್ಟೇಲಿ. ಈ ಬ್ಯಾಚಿಗೆ ನಿಮ್ಮನ್ನ ಸೇರಿಸೋಕಾಗಲ್ಲ. ನಾಲ್ಕು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ."

ಸೋಮವಾರ ಬೆಳಗ್ಗೆ ಅಂಗಡಿ ಶಟರ್ ಎತ್ತೋಕೆ ಮುಂಚೆ ಅಕ್ಕ ತೌಕೆಗೆ ಇದ್ದಿದ್ದು ಇದ್ದ ಹಾಗೆ ಹೇಳಿದ್ರು. ತೌಕೆ ಕೂಗಾಡಿ ಡಬ್ಬಿ ಸೋದರಳಿಯನ ಕೈಗೆ ಕೊಟ್ರು. ಮೆಷಿನ್ನಿಗೂ ಆರ್ಡರ್ ಹಾಕ್ತೀನಿ ಅಂದ್ರು. ಆ ವಾರ ಎಲ್ಲಾ ಅಕ್ಕ ಒರೆಗಲ್ಲನ್ನ ದಿನಾ ಮನೇಗೆ ತಗೊಂಡು ಬರೋರು, ನಾಳೆ ಕರೀತಾರೋ ಇಲ್ವೋ ಅಂತ. ಆದ್ರೆ ಬೆಳಗ್ಗೆ ಹಾಲಲ್ಲಿ ನಿಂತು ನೂರು ಎಣಿಸೋದು ಬಿಡ್ಲಿಲ್ಲ. "ಎಂತಕ್ಕೆ ಬಿಡುದು? ನಾಲ್ಕು ತಿಂಗಳು ಅಂತ ಹೇಳಿದ್ದಾರೆ, ಇಲ್ಲ ಅಂತ ಹೇಳಿಲ್ಲ."

ಎರಡನೇ ತಿಂಗಳಲ್ಲಿ ಸೋದರಳಿಯ ಸಾಹೇಬ್ರು ಡಬ್ಬಿ ಸಮೇತ ದಾರೀಲಿ ತಮಿಳು ಮುಸ್ಲಿಮರ ಮಾಮಕ್ ಹೋಟ್ಲಿಗೆ ನುಗ್ಗಿ, ರೊಟ್ಟಿ ತಿಂದು, ಟೀ ಕುಡಿದು, ಮಧ್ಯಾಹ್ನಕ್ಕೆ ಅಂತ ಬಿರಿಯಾನಿ ತಪಾವ್, ಅಂದ್ರೆ ಪಾರ್ಸೆಲ್, ಮಾಡಿಸ್ಕೊಂಡು ಬಂದ್ರು. ಕೆಲಸದ ಮನೇಲಿ ಚೀಲ ಬಿಚ್ಚಿದ್ರೆ ಬಿರಿಯಾನಿ ಇದೆ, ಒಡವೆ ಡಬ್ಬಿ ಇಲ್ಲ. ಹೋಟ್ಲಿನ ಮುದುಕ ಡಬ್ಬೀನ ಗಲ್ಲಾ ಕೆಳಗೆ ಜೋಪಾನ ಮಾಡಿಟ್ಟಿದ್ದ, ಪುಣ್ಯಾತ್ಮ. ಅವತ್ತೇ ಸಾಯಂಕಾಲ ತೌಕೆ ತಾವೇ ಚೆಗುಗೆ ಫೋನ್ ಮಾಡಿ, "ಮುಂದಿನ ಬ್ಯಾಚು ಯಾವಾಗ? ನಮ್ಮ ಅಕ್ಕನ ಹೆಸರು ಬರ್ಕೊಳ್ಳಿ" ಅಂದ್ರು. ಆ ಮೆಷಿನ್ನು ಇವತ್ತಿಗೂ ಬಂದಿಲ್ಲ.

ಮುಂದಿನ ಬ್ಯಾಚಲ್ಲಿ ಅಕ್ಕ ಹತ್ತಕ್ಕೆ ಹತ್ತು. ಆ ದಿನ ಚೂಡಿದಾರದ ಜೇಬನ್ನ ತಾವೇ ಹೊಲಿದು ಮುಚ್ಕೊಂಡು ಹೋಗಿದ್ರು. ಆಮೇಲೆ ಆರು ವರ್ಷ ಡಬ್ಬಿ ಹೊತ್ರು. ಪಿಸ್ತೂಲನ್ನ ಒಂದೇ ಒಂದು ಸಲ ಹೊರಗೆ ತೆಗೀಲಿಲ್ಲ. ಎಲ್ಲಿ ಇಟ್ಕೋತಾರೆ ಅಂತ ಪತ್ತೆ ಮಾಡೋಕೆ ನಾನು ಮಾಡದ ಪ್ರಯತ್ನ ಇಲ್ಲ. ಎದುರಿಂದ, ಹಿಂದಿಂದ, ಏಣಿ ಹಾಕ್ಕೊಂಡು ಮೇಲಿಂದ. ಊಹೂಂ. ಒಂದ್ಸಲ ನೇರವಾಗಿ ಕೇಳೇಬಿಟ್ಟೆ. "ಕಾಣಬಾರದು ಅಂತ ಅಲ್ವಾ ಲೈಸೆನ್ಸ್ ಕೊಟ್ಟದ್ದು? ನಿಮಗೆ ಹೇಳಿದ್ರೆ ಪುಚೊಂಗಿಗೇ ಕಂಡ ಹಾಗೆ" ಅಂದ್ರು.

ಹೋದ ತಿಂಗಳು ಪಿಸ್ತೂಲು ವಾಪಸ್ ಒಪ್ಪಿಸಿದ್ರು. ಬೀಳ್ಕೊಡುಗೆ ಅಂತ ತೌಕೆ ಅಂಗಡಿ ಮೇಲಿನ ಹಾಲಲ್ಲಿ ಊಟ ಹಾಕ್ಸಿದ್ರು. ತೌಕೆ ಅತ್ತರು, ಸೋದರಳಿಯಾನೂ ಅತ್ತ. ಅಕ್ಕ ಮೈಕ್ ಹಿಡಿದು ಹೇಳಿದ್ದು ಇಷ್ಟೇ. "ಊಟ ಮಾಡಿ. ಪಾಯಸ ಚೆಂದ ಆಗಿದೆ, ಇವತ್ತು ಹಾಗಲಕಾಯಿ ಹಾಕ್ಲಿಲ್ಲ."

ಚೆಗು ಹೆಂಡತಿ ಜೊತೆ ಬಂದಿದ್ರು. ಅಕ್ಕನ ಕೈ ಹಿಡ್ಕೊಂಡು ನಕ್ಕು ಹೇಳಿದ್ರು, "ಆಂಟಿ, ನಿಮ್ಮಿಂದ ಒಂದು ಹೊಸ ರೂಲ್ಸು ಮಾಡಿದೀನಿ. ಈಗ ಆಂಟಿಗಳ ಜೇಬೂ ನೋಡ್ತೀವಿ." ಆಮೇಲೆ ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿ, "ಇವರು ನಿಮ್ಮ ಡ್ರೈವರ್ ಅಲ್ವಾ? ಆ ಭಾನುವಾರ ಹೊರಗೆ ಕಾರಲ್ಲೇ ಕೂತಿದ್ರಲ್ಲ?"

"ಡ್ರೈವರ್ ಅಲ್ಲ ಚೆಗು, ನಮ್ಮವ್ರು" ಅಂದ್ರು ಅಕ್ಕ, ನನ್ನ ತಟ್ಟೆಗೆ ಇನ್ನೊಂದು ವಡೆ ಹಾಕ್ತಾ.

ಈಗ ಒಪ್ಕೋತೀನಿ. ಬೇರೆ ಎಲ್ಲಾ ನಡೆದಿದ್ದು ನಡೆದ ಹಾಗೇ ಬರೆದಿದೀನಿ. ಚೆಗು ಮೇಜಿನ ಮುಂದೆ ನಾನು ಎದೆ ಉಬ್ಬಿಸಿ ನಿಂತೆ ಅಂದ್ನಲ್ಲ, ಅದೊಂದು ಕಟ್ಟಿದ್ದು. ನಾನು ಕಾರಿಂದ ಇಳೀಲೇ ಇಲ್ಲ. ದಾರಿಯುದ್ದಕ್ಕೂ "ನಾನು ಹೇಳ್ತೀನಿ, ನಾನು ಹೇಳ್ತೀನಿ" ಅಂದಿದ್ದು ನಿಜ. ಗೇಟಿನ ಹತ್ರ ಯೂನಿಫಾರ್ಮಿನೋರು ಇಬ್ರು ನಿಂತಿದ್ರು. ಕಾರಿನ ಬಾಗಿಲ ಹಿಡಿ ಮೇಲೆ ಕೈ ಇಟ್ಟೆ, ತೆಗೆಯೋಕಾಗ್ಲಿಲ್ಲ. ಅಕ್ಕ ಇಳಿದು, ಬಗ್ಗಿ ಕಿಟಕಿಯಿಂದ ನನ್ನ ನೋಡಿದ್ರು. ಸ್ವಲ್ಪ ಹೊತ್ತು ಕಾದ್ರು.

"ನೀವು ಕೂತಿರಿ ಮಾರಾಯ್ರೆ" ಅಂದ್ರು. "ತುಂಬಾ ಬಿಸಿಲು ಉಂಟು."

ಒಬ್ರೇ ಒಳಗೆ ಹೋದ್ರು. ಇದು ಅವನ ಕಿತಾಪತಿ ಅಂತ ನನ್ನ ಹೆಸರು ಹೇಳಿದ್ರೆ ಯಾರು ಬೇಕಾದ್ರೂ ನಂಬ್ತಿದ್ರು. ಹೇಳಿಕೆಯ ಆ ಎರಡೂ ಪುಟದ ಕೆಳಗೆ ಇರೋದು ಅವರ ದುಂಡಗಿನ ಸಹಿ.